ಇಸ್ತ್ರಿಗೆ ಮುರುಟದ ನೋಟು

ನಮ್ಮ ಮನೆಯಲ್ಲಿ ನೋಟಿಗೂ ಇಸ್ತ್ರಿ ಹಾಕುತ್ತಿದ್ದೆವು. ಮದುವೆಯ ಕವರಿಗೆ, ಮಗುವಿನ ಬ್ಯಾಪ್ಟಿಸಮ್ಮಿಗೆ, ಇಗರ್ಜಿಯ ಕಾಣಿಕೆಗೆ, ಎಲ್ಲಿಗೆ ಕೊಡುವ ನೋಟಾದರೂ ಗರಿಗರಿಯಾಗಿರಬೇಕು ಎಂದು ಮಮ್ಮಿಯ ಹಟ. "ಮುದ್ದೆಯಾದ ನೋಟು ಕೊಟ್ಟರೆ ಮನಸ್ಸಿಲ್ಲದೆ ಕೊಟ್ಟ ಹಾಗೆ" ಎನ್ನುತ್ತಿದ್ದಳು. ಅವಳಿಗೆ ಇದನ್ನು ಕಲಿಸಿದ್ದು ಅವಳ ತಾಯಿ, ಕೆಂಡದ ಇಸ್ತ್ರಿಪೆಟ್ಟಿಗೆಯ ಕಾಲದಲ್ಲಿ. ಗಲ್ಫಿನ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ನೋಟಿನ ಮೇಲೆ ಒದ್ದೆ ಕರವಸ್ತ್ರ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಒಮ್ಮೆ ಒತ್ತಿ ಎತ್ತಬೇಕು. ದೀನಾರು ಹೊಸ ಬಟ್ಟೆಯ ಹಾಗೆ ಮಲಗುತ್ತಿತ್ತು.

ಒಂಬತ್ತನೆಯ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಎದ್ದು ನಿಂತು ಓದು ಎಂದರೆ ಮೊದಲ ಸಾಲಲ್ಲೇ ಮಾತು ತಡವರಿಸುತ್ತಿತ್ತು, ಹುಡುಗರು ನಗುತ್ತಿದ್ದರು. ಆಮೇಲೆ ಹೊಲಿಗೆ ಕಲಿತೆ. ಬಿಲ್ಡಿಂಗಿನ ಹೆಂಗಸರು ಬ್ಲೌಸು, ಯೂನಿಫಾರ್ಮು ತಂದುಕೊಟ್ಟು "ಶರ್ಲಿನ್, ನಾಳೆಗೆ ಬೇಕು" ಎನ್ನುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಮಾತಾಡದವರ ಎದುರಿಗೆ ಜನ ಎಲ್ಲವನ್ನೂ ಮಾತಾಡುತ್ತಾರೆ. ಅವರ ಬಾಯಿಗಿಂತ ಅವರ ಕೈಗಳನ್ನು ನೋಡುವುದು ನನಗೆ ಅಭ್ಯಾಸ.

ಆ ಚಳಿಗಾಲದಲ್ಲಿ ಮಮ್ಮಿಯ ತಂಗಿ ಮರೀನಾ ಆಂಟಿ ಕೆನಡಾದಿಂದ ಮಂಗಳೂರಿಗೆ ಹೋಗುತ್ತಾ ನಮ್ಮಲ್ಲಿ ಇಳಿದಿದ್ದಳು. ಮಮ್ಮಿ ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳೂ ಕೆನಡಾಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಳು. ಆಂಟಿ ಊಟದ ಮೇಜಿನ ಮೇಲೆ ಒಂದು ಇಪ್ಪತ್ತರ ನೋಟು ಎಸೆದಳು.

"ನೋಡಿ, ನಮ್ಮ ಹೊಸ ನೋಟು. ಪ್ಲಾಸ್ಟಿಕ್! ವಾಷಿಂಗ್ ಮೆಶಿನಿಗೆ ಹೋದರೂ ಎಂತ ಆಗುದಿಲ್ಲ."

"ಹಣವಾ ಇದು? ಚಾಕಲೇಟಿನ ಕಾಗದದ ಹಾಗೆ ಉಂಟು" ಎಂದರು ಡ್ಯಾಡಿ.

"ಭಾವ, ನಿಮಗೆ ಪರೀಕ್ಷೆ. ಇದು ಅಸಲಿಯಾ ನಕಲಿಯಾ ಹೇಳಿ."

ಡ್ಯಾಡಿ ಮೂಸಿ ನೋಡಿದರು. ಆಂಟಿ ನಕ್ಕು ನನ್ನನ್ನು ಪಕ್ಕಕ್ಕೆ ಕರೆದು ಒಂದೊಂದಾಗಿ ತೋರಿಸಿದಳು. ದೊಡ್ಡ ಅಂಕಿಯ ಮೇಲೆ ಬೆರಳಾಡಿಸಿದರೆ ಶಾಯಿ ಉಬ್ಬಿದ್ದು ತಿಳಿಯುತ್ತದೆ. ನೋಟಿನ ನಡುವೆ ಒಂದು ಕಿಟಕಿ, ಗಾಜಿನ ಹಾಗೆ ಆಚೆ ಕಾಣುತ್ತದೆ. ಕಿಟಕಿಯಲ್ಲಿ ಬೆಳ್ಳಿ ಬಣ್ಣದ ಪುಟ್ಟ ಮುಖ. ನೋಟಿನಲ್ಲಿರುವ ರಾಣಿಯ ದೊಡ್ಡ ಮುಖವೇ ಅದು, ರೆಪ್ಪೆಯ ಗೆರೆಯವರೆಗೂ. ಮೂಲೆಯಲ್ಲಿ ಮಂಜು ಹಿಡಿದಂಥ ಒಂದು ಸಣ್ಣ ಎಲೆ. ಅದನ್ನು ಕಣ್ಣಿಗೆ ಒತ್ತಿ ಹಿಡಿದು ದೂರದ ಒಂದು ಬಲ್ಬು ನೋಡಬೇಕು. ನೋಡಿದೆ. ಬೆಳಕಿನ ಸುತ್ತ ಅಂಕಿಗಳ ಒಂದು ಉಂಗುರ ಎದ್ದು ಬಂತು. ನನಗೆ ಮೈ ಜುಮ್ಮೆಂದಿತು. ಸಂಜೆಯವರೆಗೂ ಎಲ್ಲ ದೀಪಗಳನ್ನೂ ಆ ಎಲೆಯ ಮೂಲಕವೇ ನೋಡಿದೆ.

ಮರುದಿನ ಮಮ್ಮಿ ಆ ನೋಟನ್ನು ಮನೆಯ ದೇವರ ಪೀಠದಲ್ಲಿ, ಆಲ್ತಾರಿನಲ್ಲಿ, ಬಾಲಯೇಸುವಿನ ಕಾಲಡಿಗೆ ಇಡಬೇಕೆಂದಳು, ಕೆನಡಾದ ಪೇಪರು ಬೇಗ ಬರಲಿ ಎಂದು. ಮಡಿಕೆ ಬಿದ್ದಿತ್ತು. ನಾನು ಕೇಳದೆ ಒದ್ದೆ ಕರವಸ್ತ್ರ ಹಾಸಿ ಇಸ್ತ್ರಿ ಒತ್ತಿದೆ. ಎತ್ತಿದಾಗ ನೋಟಿರಲಿಲ್ಲ. ಅಂಗೈಯ ಕಾಲು ಭಾಗದಷ್ಟು ಗಟ್ಟಿ ಚೂರು ಉಳಿದಿತ್ತು, ಬೆಂಕಿಗೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡು. ರಾಣಿಯ ಮುಖ ಒಣಗಿದ ಹುಣಸೆಹಣ್ಣಾಗಿತ್ತು.

"ಜೆಜೂ! ರಾಣಿಯನ್ನೇ ಕೊಂದುಬಿಟ್ಟಿಯಲ್ಲ ಮಾರಾಯ್ತಿ!" ಆಂಟಿ ಹೊಟ್ಟೆ ಹಿಡಿದು ನಕ್ಕಳು. ನಾನು ಅಳುತ್ತಿದ್ದೆ. "ಅಳಬೇಡ ಪುತಾ. ಅಸಲಿ ಅಂತ ಪ್ರೂಫ್ ಆಯಿತು. ಪ್ಲಾಸ್ಟಿಕ್ ಆದ ಕಾರಣ ಮುರುಟಿತು. ಕಾಗದದ ನಕಲಿಯಾಗಿದ್ದರೆ ಚಂದ ಇಸ್ತ್ರಿ ಆಗುತ್ತಿತ್ತು."

ಮಮ್ಮಿ ಆ ಚೂರನ್ನೇ ಆಲ್ತಾರಿನಲ್ಲಿಟ್ಟಳು. ದೇವರಿಗೆ ಕೊಡಲು ತೆಗೆದದ್ದನ್ನು ಹಿಂದೆ ಇಡಬಾರದಂತೆ.

ಆಂಟಿ ಹೋದ ಮೇಲೆ ಪೇಪರು ಬಂತು. ನನ್ನ ಹೆಸರು ಅದರಲ್ಲಿರಲಿಲ್ಲ. ಮಕ್ಕಳೆಂದು ಸೇರಿಸುವ ವಯಸ್ಸು ಮೀರಿತ್ತು, ಓದುತ್ತಲೂ ಇರಲಿಲ್ಲ. ಮೊದಲು ಮಮ್ಮಿ ಹೋಗಿ ಆಂಟಿಯ ಮನೆಯಲ್ಲಿ ಇಳಿಯುವುದು, ಶುಐಬಾದ ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದ ಡ್ಯಾಡಿ ಅವರ ಕಾಂಟ್ರಾಕ್ಟ್ ಮುಗಿದ ಮೇಲೆ ಹೋಗುವುದು, ನನ್ನನ್ನು ಊರಿಗೆ ಕಳಿಸುವುದು ಎಂದಾಯಿತು. ಯಾರೂ ನನ್ನ ಮುಖ ನೋಡಿ ಇದನ್ನು ಹೇಳಲಿಲ್ಲ. ಸಾರು ಬಡಿಸುವಾಗ ಕೇಳಿಸಿಕೊಂಡೆ.

ಆಗ ಆಲ್ರೊಯ್ ಅಂಕಲ್ ಬರತೊಡಗಿದರು. ಡ್ಯಾಡಿಯ ಕಂಪನಿಯಲ್ಲಿ ಖರೀದಿ ವಿಭಾಗದವರು, ನಮ್ಮ ಇಗರ್ಜಿಯಲ್ಲಿ ಹಾಡುವ ಕ್ವಾಯರಿನ ದೊಡ್ಡ ದನಿ. ಒಬ್ಬರ ಇಕಾಮಾ, ಅಂದರೆ ವಾಸದ ಪರವಾನಗಿ, ನಿಂತರೆ, ಒಬ್ಬರ ವೀಸಾದ ಧಣಿ ಕಫೀಲ್ ಪಾಸ್‌ಪೋರ್ಟ್ ಹಿಡಿದಿಟ್ಟರೆ, ಎಲ್ಲರೂ ಓಡುತ್ತಿದ್ದದ್ದು ಅವರ ಹತ್ತಿರವೇ. ಯಾವ ಮನೆಗೆ ಬಂದರೂ ಅಲ್ಲಿನ ಪರದೆಯನ್ನೋ ಸೋಫಾದ ಬಟ್ಟೆಯನ್ನೋ ಎರಡು ಬೆರಳ ನಡುವೆ ಉಜ್ಜಿ ನೋಡುವ ಚಾಳಿ ಅವರಿಗೆ. ಹೊರಗೆ ಧೂಳು ಎದ್ದು ಸಮುದ್ರ ಕಾಣದಂತಾಗಿದ್ದ ಒಂದು ಶುಕ್ರವಾರ, ಇಗರ್ಜಿಯ ಪೂಜೆ ಮುಗಿಸಿ ನೇರವಾಗಿ ಬಂದರು. ಕೈಯಲ್ಲಿ ಖರ್ಜೂರದ ಡಬ್ಬಿ.

ಡಬ್ಬಿಯಲ್ಲಿ ಖರ್ಜೂರವಿರಲಿಲ್ಲ. ಕೆನಡಾದ ನೂರರ ನೋಟುಗಳಿದ್ದವು, ಕಂದು ಬಣ್ಣದವು, ಮೀಸೆಯ ಮನುಷ್ಯನ ಚಿತ್ರದವು. ಡ್ಯಾಡಿ ತಮ್ಮ ಉಳಿತಾಯವನ್ನು ಮೊದಲೇ ಅವರ ಕೈಗೆ ಒಪ್ಪಿಸಿದ್ದರು.

"ಎಕ್ಸ್‌ಚೇಂಜಿನಲ್ಲಾದರೆ ಇದರ ಅರ್ಧವೂ ಸಿಗುತ್ತಿರಲಿಲ್ಲ ವೈಲೆಟ್" ಎಂದರು ಡ್ಯಾಡಿ.

"ಅಷ್ಟು ಕಡಿಮೆಗೆ ಹೇಗೆ ಕೊಡ್ತಾರೆ?" ಮಮ್ಮಿ ಕೇಳಿದಳು.

"ಅಲ್ಲಿ ಆಗದೆ ವಾಪಸ್ ಬಂದವರ ಹಣ, ಸಿಸ್ಟರ್" ಎಂದರು ಅಂಕಲ್. "ಅವರಿಗೆ ಅರ್ಜೆಂಟು. ನಮ್ಮವರಿಗೆ ಉಪಕಾರ ಆಗಲಿ ಅಂತ ನಾನು ನಡುವೆ. ಒಂದೇ ಮಾತು, ಏರ್‌ಪೋರ್ಟಿನಲ್ಲಿ ಇದನ್ನು ಬರೆದು ತೋರಿಸಲು ಹೋಗಬೇಡಿ. ನೂರು ಪ್ರಶ್ನೆ ಕೇಳ್ತಾರೆ. ಕೋಟಿನ ಅಸ್ತರಿನೊಳಗೆ ಹೊಲಿದುಬಿಡಿ. ಮಗಳ ಕೈಕೆಲಸ ಉಂಟಲ್ಲ ಮನೆಯಲ್ಲೇ."

ಮಮ್ಮಿ ಒಂದು ನೋಟು ಮುಟ್ಟಿದಳು. "ಹೌದು, ಮರೀನಾ ತೋರಿಸಿದ ಹಾಗೆಯೇ ಜಾರ್ತದೆ" ಎಂದು ಖುಷಿಪಟ್ಟಳು. ನಾನೂ ಒಂದನ್ನು ಎತ್ತಿಕೊಂಡೆ. ಅಂಕಿಯ ಮೇಲೆ ಶಾಯಿ ಉಬ್ಬಿತ್ತು. ಕಿಟಕಿ ಇತ್ತು. ಕಿಟಕಿಯಲ್ಲಿ ಬೆಳ್ಳಿಯ ಮುಖವೂ ಇತ್ತು, ಆದರೆ ಅದಕ್ಕೆ ಕಣ್ಣಿರಲಿಲ್ಲ. ಕಣ್ಣಿರಬೇಕಾದಲ್ಲಿ ಸವೆದ ಬೆಳ್ಳಿ ಮಾತ್ರ. ನೂರರ ನೋಟು ಹೀಗೆಯೇ ಇರಬಹುದೇನೋ, ನಾನು ನೋಡಿದ್ದು ಇಪ್ಪತ್ತರದ್ದು ಎಂದುಕೊಂಡೆ. ಎಲೆಯನ್ನು ಕಣ್ಣಿಗೆ ಹಿಡಿಯಲು ಕೈ ಎತ್ತಿದ್ದೆ. ಅಂಕಲ್ ಮೆಲ್ಲಗೆ ಅದನ್ನು ನನ್ನ ಬೆರಳಿನಿಂದ ಎಳೆದುಕೊಂಡರು.

"ಸಾಕು ಬಾಯೆ. ನೋಡಿದಷ್ಟಕ್ಕೆ ನೋಟು ಮರಿ ಹಾಕುದಿಲ್ಲ."

ಎಲ್ಲರೂ ನಕ್ಕರು. ಅವರ ಬೆರಳು ನಗುತ್ತಿರಲಿಲ್ಲ. ನೋಟನ್ನು ಡಬ್ಬಿಯೊಳಗೆ ಒತ್ತಿ ಮುಚ್ಚಳ ಮುಚ್ಚುತ್ತಿತ್ತು.

ಡ್ಯಾಡಿ ಮಮ್ಮಿಗೆ ಫ್ರೈಡೇ ಮಾರ್ಕೆಟಿನಿಂದ ಮೊಣಕಾಲವರೆಗಿನ ಕಪ್ಪು ಉಣ್ಣೆಯ ಕೋಟು ತಂದರು. ನಾನು ಹಳೆಯ ಅಸ್ತರು ಬಿಚ್ಚಿ ಹೊಸದು ಕತ್ತರಿಸಿದೆ. ರಜಾಯಿಗೆ ಹತ್ತಿ ತುಂಬಿ ಚೌಕ ಚೌಕವಾಗಿ ಹೊಲಿಯುವ ಹಾಗೆ ನೋಟುಗಳನ್ನು ಸಾಲಾಗಿ ಇಟ್ಟು ಸುತ್ತ ಹೊಲಿಗೆ ಹಾಕಬೇಕಿತ್ತು. ಮಮ್ಮಿ ಡ್ಯೂಟಿಗೆ ಹೋಗಿದ್ದಳು. ಡ್ಯಾಡಿ ಒಳಗೆ ಟಿವಿ ನೋಡುತ್ತಿದ್ದರು. ಮೊದಲ ಸಾಲು ಮುಗಿಯಿತು. ಹೊಲಿಗೆ ಕಲಿತ ದಿನದಿಂದ ಒಂದು ಸಾಲು ಮುಗಿದ ಕೂಡಲೇ ಅದಕ್ಕೆ ಇಸ್ತ್ರಿ ಒತ್ತುವುದು ನನ್ನ ಕೈಗೆ ಅಂಟಿದ ಕ್ರಮ. ಕೈ ತಾನಾಗಿ ಇಸ್ತ್ರಿಪೆಟ್ಟಿಗೆ ಎತ್ತಿತು, ಒತ್ತಿತು, ಸಾಲಿನ ಉದ್ದಕ್ಕೂ ಎಳೆಯಿತು.

ಆಮೇಲೆ ನೆನಪಾಯಿತು. ಒಂದು ಸಾಲು ನೋಟು! ಮಮ್ಮಿಯ ಹಣ! ಇಸ್ತ್ರಿಪೆಟ್ಟಿಗೆಯನ್ನು ಎಲ್ಲಿಟ್ಟೆನೋ ಗೊತ್ತಿಲ್ಲ, ಅಸ್ತರಿನ ಅಂಚಿನಲ್ಲಿ ಅದರ ಕಾವು ಕೂತು ಒಂದು ಹೊಳೆಯುವ ಕಲೆ ಉಳಿಯಿತು. ಹೊಲಿಗೆ ಬಿಚ್ಚಿದೆ.

ನೋಟುಗಳು ಹಾಗೆಯೇ ಮಲಗಿದ್ದವು. ಒಂದೂ ಮುರುಟಿರಲಿಲ್ಲ.

"ದೇವರೇ, ಉಳಿಯಿತು" ಎಂದು ನೆಲಕ್ಕೆ ಕುಸಿದು ಕೂತೆ. ಕಣ್ಣೀರು ಬಂತು. ಒರೆಸಿಕೊಳ್ಳುವಾಗ ಎದುರಿಗೆ ಆಲ್ತಾರು. ಬಾಲಯೇಸುವಿನ ಕಾಲಡಿಯಲ್ಲಿ ಆ ಮುರುಟಿದ ಚೂರು. ಅಸಲಿ ನೋಟು ಇಸ್ತ್ರಿಗೆ ಏನಾಗುತ್ತದೆಂದು ಅದು ಅಲ್ಲಿಂದಲೇ ಹೇಳುತ್ತಿತ್ತು.

ಕೈಯಲ್ಲಿದ್ದ ನೋಟು ಇನ್ನೂ ಬೆಚ್ಚಗಿತ್ತು. ಅದರ ಮೂಲೆಯಲ್ಲಿ ಪದರ ಎದ್ದಿತ್ತು, ಎರಡು ತೆಳು ಹಾಳೆಗಳ ನಡುವೆ ಬಿಳಿ ಕಾಗದ. ಎಲೆಯನ್ನು ಕಣ್ಣಿಗೊತ್ತಿ ಅಡುಗೆಮನೆಯ ಬಲ್ಬು ನೋಡಿದೆ. ಬಲ್ಬು ಕಂಡಿತು, ಅಷ್ಟೇ. ಇನ್ನೊಂದು, ಮತ್ತೊಂದು. ಡಬ್ಬಿ ಖಾಲಿಯಾಗುವವರೆಗೂ ನೋಡಿದೆ. ಒಂದರಲ್ಲೂ ಉಂಗುರ ಏಳಲಿಲ್ಲ. ಕಣ್ಣಿಲ್ಲದ ಮುಖಗಳೆಲ್ಲ ನನ್ನ ಸುತ್ತ ನೆಲದ ಮೇಲೆ ಬಿದ್ದುಕೊಂಡಿದ್ದವು.

ಈ ಕೋಟು ಹಾಕಿಕೊಂಡು ಮಮ್ಮಿ ಗುರುತಿಲ್ಲದ ದೇಶದ ಪೊಲೀಸರ ಮುಂದೆ ನಿಲ್ಲುತ್ತಾಳೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಡ್ಯಾಡಿಯ ಹತ್ತಿರ ಹೋಗಿ ನೋಟು ಚಾಚಿದೆ. "ಇಸ್ತ್ರಿ ಹಾಕಿದೆ. ಮುರುಟಲಿಲ್ಲ" ಎಂದೆ. ನನ್ನಿಂದ ಬಂದದ್ದು ಅಷ್ಟೇ.

ಅವರು ನೋಟು ನೋಡಲೇ ಇಲ್ಲ. ಬಾಗಿಲ ಕಡೆ ನೋಡಿದರು. ಟಿವಿಯ ದನಿ ಸ್ವಲ್ಪ ಏರಿಸಿದರು.

"ಇದನ್ನು ಬೇರೆ ಯಾರಿಗೆ ತೋರಿಸಿದ್ದಿ?"

"ಯಾರಿಗೂ ಇಲ್ಲ."

"ಮಮ್ಮಿಗೆ?"

ತಲೆ ಅಲ್ಲಾಡಿಸಿದೆ.

"ಹೇಳಬೇಡ." ಅವರ ದನಿ ಹಾಲು ತರಲು ಹೇಳುವಷ್ಟು ಮೆಲ್ಲಗಿತ್ತು. "ಅವಳ ಮುಖದಲ್ಲಿ ಎಲ್ಲ ಕಾಣ್ತದೆ. ಗೊತ್ತಿದ್ದರೆ ಹೆದರಿ ಸಿಕ್ಕಿಬೀಳ್ತಾಳೆ. ಗೊತ್ತಿಲ್ಲದವರನ್ನು ಯಾರೂ ಹಿಡಿಯುದಿಲ್ಲ. ಅಲ್ಲಿ ಒಂದೊಂದಾಗಿ ಅಂಗಡಿಯಲ್ಲಿ ದಾಟಿಹೋಗ್ತದಂತೆ, ಆಲ್ರೊಯ್ ಹೇಳಿದ್ದಾನೆ."

"ನಿಮಗೆ ಗೊತ್ತಿತ್ತಾ ಡ್ಯಾಡಿ?"

"ನನಗೇನೂ ಗೊತ್ತಿಲ್ಲ" ಎಂದು ಅವರು ಟಿವಿ ಕಡೆ ತಿರುಗಿದರು. "ಹೋಗು, ಹೊಲಿ."

ಚಿಕ್ಕವಳಿದ್ದಾಗ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿ ಸಮುದ್ರದ ದಡಕ್ಕೆ ಕರೆದೊಯ್ಯುತ್ತಿದ್ದ ಡ್ಯಾಡಿ ಇವರೇ. ಅವರ ಕತ್ತಿನ ಹಿಂಭಾಗ ಬೆವರಿತ್ತು, ಏಸಿ ಹಾಕಿದ್ದರೂ.

ಎರಡು ದಿನ ಬಿಟ್ಟು, ನಾನು ಕೋಟು ಹೊಲಿದು ಮುಗಿಸಿದ ಮೇಲೆ, ಆಲ್ರೊಯ್ ಅಂಕಲ್ ಬಂದರು. ಮಮ್ಮಿ ಚಾ ಮಾಡಲು ಒಳಗೆ ಹೋದಾಗ ಕೋಟನ್ನು ಎತ್ತಿ ಅಸ್ತರನ್ನು ಬೆರಳ ನಡುವೆ ಉಜ್ಜಿದರು. ಸಾಲಿನಿಂದ ಸಾಲಿಗೆ ಹೋದ ಬೆರಳು ಹೊಳೆಯುವ ಕಲೆಯ ಹತ್ತಿರ ನಿಂತಿತು.

"ಇಸ್ತ್ರಿ ಹಾಕಿದ್ದೀಯಾ?"

ನಾನು ನೆಲ ನೋಡಿದೆ.

"ಪ್ಲಾಸ್ಟಿಕ್‌ಗೆ ಇಸ್ತ್ರಿ ಆಗುದಿಲ್ಲ ಬಾಯೆ. ಯಾರೂ ಹೇಳಿಕೊಡಲಿಲ್ಲವಾ?" ಅವರು ನಗುತ್ತಲೇ ಇದ್ದರು. ಆಮೇಲೆ ಡ್ಯಾಡಿಗೆ, "ಜೇಮ್ಸ್, ನಿನ್ನ ಮಗಳಿಗೆ ಮಾತು ಕಡಿಮೆ. ಒಳ್ಳೇದು. ಮಾತು ಹೆಚ್ಚಾದವರೇ ಈ ಊರಿನಲ್ಲಿ ಜೈಲು ನೋಡಿದ್ದು. ಅಪ್ಪನೇ ಒಳಗೆ ಹೋದರೆ ಮದುವೆಯಾಗದ ಹುಡುಗಿ ಯಾರ ಇಕಾಮಾದಲ್ಲಿ ಇರುದು, ಅಲ್ವಾ?"

"ಎಂತ ಜೈಲು, ಯಾರು ಜೈಲು?" ಮಮ್ಮಿ ಚಾದ ಟ್ರೇ ಹಿಡಿದು ಬಂದಳು.

"ಜೋಕ್ ಸಿಸ್ಟರ್, ಜೋಕ್! ಕೋಟು ಫಸ್ಟ್ ಕ್ಲಾಸ್ ಆಗಿದೆ. ನೀವು ಅದರಲ್ಲಿ ಡಾಕ್ಟರಮ್ಮನ ಹಾಗೆ ಕಾಣ್ತೀರಿ."

ಮಮ್ಮಿ ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗಿದಳು. ಒಳಗೆ ಸಣ್ಣಗೆ ಸರಸರ ಸದ್ದು. "ಕೇಳ್ತದಾ?" ಎಂದು ನನಗೆ ಕಣ್ಣು ಮಿಟುಕಿಸಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿರಲಿಲ್ಲ. ಆಸ್ಪತ್ರೆಯ ಕೆಲಸಕ್ಕೆ ಅವಳು ರಾಜೀನಾಮೆ ಕೊಟ್ಟಾಗಿತ್ತು.

ಹೇಳಿಬಿಡಬೇಕೆಂದು ಎಷ್ಟು ಸಲ ಅವಳ ಹಿಂದೆ ಅಡುಗೆಮನೆಗೆ ಹೋದೆನೋ! ಹೋದಲ್ಲೆಲ್ಲ ಡ್ಯಾಡಿ ಬರುತ್ತಿದ್ದರು, ನೀರು ಬೇಕೆಂದು, ಚಮಚ ಬೇಕೆಂದು. ಹೇಳಿದ್ದರೆ ಮಮ್ಮಿ ಸುಮ್ಮನಿರುತ್ತಿರಲಿಲ್ಲ. ಡಬ್ಬಿ ಹಿಡಿದು ನೇರ ಆಲ್ರೊಯ್ ಅಂಕಲ್ ಮನೆಗೆ, ಅಲ್ಲಿಂದ ಪೊಲೀಸರ ಹತ್ತಿರ. ಆಮೇಲೆ ಡ್ಯಾಡಿ ಎಲ್ಲಿರುತ್ತಿದ್ದರು? ಹೇಳದಿದ್ದರೆ ಮಮ್ಮಿ ಎಲ್ಲಿರುತ್ತಿದ್ದಳು?

ಕೊನೆಗೆ ಬಾಯಿಂದ ಆಗದ ಕೆಲಸವನ್ನು ಕೈಗೆ ಬಿಟ್ಟೆ.

ಹೊರಡುವ ಮುಂಚಿನ ದಿನ ಮಮ್ಮಿಯೂ ಡ್ಯಾಡಿಯೂ ಇಗರ್ಜಿಗೆ ಹೋದರು. ಬ್ಲೌಸುಗಳ ಹೊಲಿಗೆ ಬಾಕಿ ಇದೆ ಎಂದು ನಾನು ಉಳಿದೆ. ನಮ್ಮ ಬಿಲ್ಡಿಂಗಿನಲ್ಲಿ ಸೂಪರ್ ಮಾರ್ಕೆಟಿನವರು ಪ್ರತಿ ವಾರ ಬಾಗಿಲಡಿಗೆ ಆಫರಿನ ಕಾಗದ ತೂರಿ ಹೋಗುತ್ತಾರೆ, ನುಣುಪಾದ ದಪ್ಪ ಕಾಗದ. ಬ್ಲೌಸಿನ ಅಳತೆ ತೆಗೆಯಲು ನಾನು ಅವನ್ನೆಲ್ಲ ಕೂಡಿಡುತ್ತಿದ್ದೆ. ನೋಟಿನ ಅಳತೆಗೆ ಕತ್ತರಿಸುತ್ತಾ ಹೋದೆ. ಕೋಳಿ, ಬಟಾಟೆ, ಅಡುಗೆ ಎಣ್ಣೆ, ಮಕ್ಕಳ ಡಯಾಪರು. ಅಸ್ತರು ಬಿಚ್ಚಿ ನೋಟು ತೆಗೆದು ಕಾಗದ ಇಟ್ಟು, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಮತ್ತೆ ಹೊಲಿದೆ. ಅದೇ ದಪ್ಪ, ಅದೇ ಸರಸರ. ನೋಟುಗಳನ್ನು ದೊಡ್ಡ ಕತ್ತರಿಯಲ್ಲಿ ಎಳೆ ಎಳೆಯಾಗಿ ತುಂಡರಿಸಿ, ಬಟ್ಟೆಚೂರುಗಳ ಜೊತೆ ಕಲೆಸಿ, ಮೀನಿನ ತಲೆಗಳಿದ್ದ ಕಸದ ಚೀಲಕ್ಕೆ ತುಂಬಿ ಬಾಗಿಲ ಹೊರಗಿಟ್ಟೆ. ಬಿಲ್ಡಿಂಗಿನ ಕಾವಲುಗಾರ ಅದನ್ನು ಎತ್ತಿಕೊಂಡು ಹೋಗುವ ಸದ್ದು ಕೇಳುವವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

ಏರ್‌ಪೋರ್ಟಿನಲ್ಲಿ ಮಮ್ಮಿ ನನ್ನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿದಳು. ಡ್ಯಾಡಿ ಕೋಟಿನ ಕಾಲರು ಸರಿಪಡಿಸಿದರು. ಸರಿಯಿದ್ದದ್ದನ್ನೇ ಅವರು ಮತ್ತೆ ಮತ್ತೆ ಎಳೆಯುತ್ತಿದ್ದದ್ದನ್ನು ಮಮ್ಮಿ ಅಗಲಿಕೆಯ ದುಃಖ ಎಂದುಕೊಂಡಳು.

"ಅಳಬೇಡಿ ಮಾರಾಯ್ರೇ. ನಾನೇನು ಸ್ವರ್ಗಕ್ಕೆ ಹೋಗುದಾ?"

ಮರುದಿನ ಮಧ್ಯಾಹ್ನ ಫೋನ್ ಬಂತು. ಡ್ಯಾಡಿ ಸ್ಪೀಕರಿಗೆ ಹಾಕಿದರು. ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಜೇಮ್ಸ್, ಇಲ್ಲಿಯ ಏರ್‌ಪೋರ್ಟಿನಲ್ಲಿ ನನ್ನನ್ನು ನಿಲ್ಲಿಸಿಬಿಟ್ಟರು!" ಮಮ್ಮಿಯ ದನಿ ಒಡೆದಿತ್ತು. "ಕೋಟು ಮೆಶಿನಿನೊಳಗೆ ಹೋಯಿತು, ಸಾಲು ಸಾಲಾಗಿ ಏನೋ ಕಂಡಿತಂತೆ. ಒಂದು ರೂಮಿಗೆ ಕರೆದುಕೊಂಡು ಹೋದರು. ನಾಯಿ ತಂದರು. ಅಸ್ತರು ಕತ್ತರಿಸಿದರು. ಒಳಗೆ..." ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಒಳಗೆ ಕೋಳಿ! ಕೋಳಿಯ ಆಫರ್, ಬಟಾಟೆಯ ಆಫರ್! ಚಳಿಗೆ ಹೀಗೆ ಮಾಡ್ತೀರಾ ನಿಮ್ಮಲ್ಲಿ ಅಂತ ಕೇಳಿದರು. ಹೌದು ಅಂದೆ. ನಗಾಡಿ ಬಿಟ್ಟರು. ಈಗ ಮರೀನಾಳ ಮನೆಯಲ್ಲಿದ್ದೇನೆ. ಆದರೆ ನಮ್ಮ ಹಣ ಎಲ್ಲಿ ಜೇಮ್ಸ್? ನಿಮ್ಮ ಇಷ್ಟು ವರ್ಷದ ಹಣ ಎಲ್ಲಿ?"

ಡ್ಯಾಡಿ ಫೋನ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಹೊಡೆಯುತ್ತಾರೆಂದು ನಾನು ಗೋಡೆಗೆ ಸರಿದೆ. ಅವರು ಆಲ್ತಾರಿನ ಮುಂದೆ, ನೆಲದ ಮೇಲೆ ಕುಳಿತುಬಿಟ್ಟರು.

"ನಾಯಿ ಕಚ್ಚಲಿಲ್ಲ ಅಲ್ಲ ವೈಲೆಟ್?" ಎಂದು ಕೇಳಿದರು. ಮತ್ತೆ ಅದನ್ನೇ ಕೇಳಿದರು. ಆಮೇಲೆ "ಹಣದ ವಿಷಯ ನಾನು ನೋಡಿಕೊಳ್ತೇನೆ" ಎಂದು ಫೋನ್ ಇಟ್ಟರು.

ಎಲ್ಲಿಟ್ಟಿದ್ದಿ ಎಂದು ಅವರು ಕೇಳಲಿಲ್ಲ. ಈವರೆಗೂ ಕೇಳಿಲ್ಲ.

ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಆಲ್ರೊಯ್ ಅಂಕಲ್, ಕ್ವಾಯರ್ ಪ್ರಾಕ್ಟೀಸಿಗೆ ಹೊರಟ ಉಡುಪಿನಲ್ಲಿ. ಒಂದು ತೋಳಿನ ಮೇಲೆ ಬೂದು ಬಣ್ಣದ ಕೋಟು, ಇನ್ನೊಂದು ಕೈಯಲ್ಲಿ ಖರ್ಜೂರದ ಡಬ್ಬಿ.

"ಸಿಸ್ಟರ್ ತಲುಪಿದರಾ?"

ಡ್ಯಾಡಿ ಎದ್ದು ನಿಂತರು. ಅವರು ಹೇಳುವ ಒಂದು ಮಾತಿನ ಮೇಲೆ ನನ್ನ ಪಾಡು ನಿಂತಿತ್ತು.

"ತಲುಪಿದಳು" ಎಂದರು.

"ಕೋಟು?"

"ಯಾರೂ ಮುಟ್ಟಲಿಲ್ಲ."

"ನೋಡು! ನಾನು ಹೇಳಲಿಲ್ಲವಾ?" ಅಂಕಲ್ ಡ್ಯಾಡಿಯ ಬೆನ್ನು ತಟ್ಟಿದರು. ಒಳಗೆ ಬಂದು ಬೂದು ಕೋಟನ್ನು ನನ್ನ ಮೆಶಿನಿನ ಮೇಲೆ ಹಾಸಿ, ಅದರ ಮೇಲೆ ಡಬ್ಬಿಯನ್ನಿಟ್ಟರು. "ಇದು ಕ್ಯಾಥರಿನ್ ಸಿಸ್ಟರ್‌ದು, ವೈಲೆಟ್ ಜೊತೆ ಕೆಲಸ ಮಾಡುತ್ತಿದ್ದವರು. ಮುಂದಿನ ವಾರ ಹೊರಡ್ತಾರೆ. ನಿನ್ನ ಹೊಲಿಗೆಗೆ ಒಳ್ಳೆ ಹೆಸರು ಬಂತು ಬಾಯೆ. ಇನ್ನೂ ಇಬ್ಬರು ಕೇಳಿದ್ದಾರೆ." ಬಾಗಿಲವರೆಗೆ ಹೋಗಿ ತಿರುಗಿದರು. "ಈ ಸಲ ಇಸ್ತ್ರಿ ಬೇಡ."

ಡ್ಯಾಡಿ ಬಾಗಿಲು ಹಾಕಿ ಚಿಲಕ ಹಾಕಿದರು. ನನ್ನ ಕಡೆ ನೋಡದೆ ಕೋಣೆಗೆ ಹೋದರು. ಟಿವಿಯ ದನಿ ಏರಿತು.

ಕ್ಯಾಥರಿನ್ ಸಿಸ್ಟರ್ ನನಗೆ ಗೊತ್ತು. ಒಮ್ಮೆ ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟಿದ್ದರು. ಅವರ ಕೋಟಿನಲ್ಲಿ ಇನ್ನೂ ಆಸ್ಪತ್ರೆಯ ಸೋಪಿನ ವಾಸನೆಯಿತ್ತು. ಆದರೆ ಅವರ ಕೋಟಿನ ಬಗ್ಗೆ, ಡ್ಯಾಡಿ ಈಗ ಹೇಳಿದ ಹಾಗೆ, ಸುಳ್ಳು ಹೇಳುವವರು ಯಾರೂ ಇಲ್ಲ. ಅವರ ಕೋಟಿನಲ್ಲಿ ಕೋಳಿಯ ಕಾಗದ ಸಿಕ್ಕಿದರೆ ಅವರ ಫೋನು ನೇರ ಆಲ್ರೊಯ್ ಅಂಕಲ್‌ಗೆ ಹೋಗುತ್ತದೆ.

ಬಾಗಿಲಡಿಯಿಂದ ಆ ವಾರದ ಆಫರಿನ ಕಾಗದ ಒಳಗೆ ಜಾರಿ ಬಂದಿತ್ತು. ಅದನ್ನೆತ್ತಿ ಮೇಜಿನ ಮೇಲೆ ಹರಡಿದೆ. ಡಬ್ಬಿಯಿಂದ ಒಂದು ನೋಟು ತೆಗೆದು ಅದರ ಮೇಲೆ ಅಳತೆಗೆ ಇಟ್ಟೆ. ಕಣ್ಣಿಲ್ಲದ ಮುಖದ ಮೂಲಕ ಮೀನಿನ ಚಿತ್ರ ಕಾಣುತ್ತಿತ್ತು. ಕತ್ತರಿ ಎತ್ತಿಕೊಂಡೆ.